ಕ್ಷೀಣಿಸಿದ ಗ್ರಾಮಗಳ ಪುನರುದ್ಧಾರವೂ ಕೆರೆಗಳ ಜೀರ್ಣೋದ್ಧಾರವೂ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರಿಂದ)

ಒಂದು ಗ್ರಾಮವು ಏಳಿಗೆಯಲ್ಲಿದೆಯೋ ಇಳಿಮುಖವಾಗಿದೆಯೋ ಎಂಬುದನ್ನು ತಿಳಿಯಲು ದಫ್ತರಗಳನ್ನು ತಿರುವಿಹಾಕಬೇಕಾದುದಿಲ್ಲ. ಊರಿನ ಕೆರೆಯ ಏರಿಯ ಮೇಲೆ ಒಂದು ಗಳಿಗೆ ನಡೆದರೆ ಸಾಕು. ಏರಿಯು ಗಿಡಗಂಟೆಗಳಿಂದ ಮುಚ್ಚಿ, ತೂಬಿನ ಕಲ್ಲುಗಳು ಕದಲಿ, ಅಂಗಳದಲ್ಲಿ ಬಳ್ಳಾರಿ ಜಾಲಿಯು ಹಬ್ಬಿಕೊಂಡಿದ್ದರೆ, ಆ ಊರಿನಲ್ಲಿ ಬೀಗ ಹಾಕಿದ ಮನೆಗಳೂ, ಬೀಳುಬಿದ್ದ ಜಮೀನುಗಳೂ, ಪಟ್ಟಣಗಳಿಂದ ಮಕ್ಕಳು ಕಳುಹಿಸುವ ಹಣವನ್ನೇ ನೆಚ್ಚಿ ಕುಳಿತಿರುವ ವೃದ್ಧರೂ ಇರುವುದನ್ನು ನಿಶ್ಚಯವಾಗಿ ಹೇಳಬಹುದು. ನಮ್ಮ ಬಯಲುಸೀಮೆಯಲ್ಲಿ ಕೆರೆಯ ಆಯುಸ್ಸೂ ಊರಿನ ಆಯುಸ್ಸೂ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ.

ಆದುದರಿಂದ ಗ್ರಾಮಗಳ ಯಜಮಾನರೂ, ಪಂಚಾಯತಿಗಳ ಅಧ್ಯಕ್ಷರೂ, ಜಮೀನುದಾರರೂ ಈ ವಿಷಯದಲ್ಲಿ ಮಾಡಬಹುದಾದ ಕೆಲಸವೇನು, ಅದನ್ನು ಯಾವ ಕ್ರಮದಿಂದ ನಡೆಸಬೇಕು, ಎಲ್ಲಿ ತಪ್ಪುವ ಸಂಭವವುಂಟು ಎಂಬುದನ್ನು ಅನುಭವಕ್ಕೆ ಬಂದಷ್ಟು ಮಟ್ಟಿಗೆ ಇಲ್ಲಿ ನಿವೇದಿಸಲಾಗಿದೆ.

೧. ಹಿಂದಿನ ಏರ್ಪಾಡು

ಕರ್ನಾಟಕದಲ್ಲಿ ಚಿಕ್ಕವೂ ದೊಡ್ಡವೂ ಸೇರಿ 36,000ಕ್ಕೆ ಮೇಲ್ಪಟ್ಟು ಕೆರೆಗಳಿವೆಯೆಂದು ಎಣಿಕೆಯುಂಟು. ಜೀವನದಿಯೊಂದೂ ಇಲ್ಲದ ಕೋಲಾರದ ಸೀಮೆಯಲ್ಲಿಯೇ, 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯು ಬೇರೆಯಾಗುವುದಕ್ಕೆ ಮುಂಚಿನ ಲೆಕ್ಕದಂತೆ, 4,000ಕ್ಕೆ ಹೆಚ್ಚು ಕೆರೆಗಳಿದ್ದುವು. ಇವುಗಳಲ್ಲಿ ಅನೇಕವು ಸರಪಣಿಯ ಕೊಂಡಿಗಳಂತೆ ಒಂದರ ಕೆಳಗೊಂದಾಗಿ ಕಟ್ಟಲ್ಪಟ್ಟಿವೆ. ಮೇಲಿನ ಕೆರೆಯ ಕೋಡಿ ಹರಿದ ನೀರು ಕೆಳಗಿನ ಕೆರೆಯನ್ನು ತುಂಬುವುದು.

ನಮ್ಮ ಹಿರಿಯರು ಕೆರೆಯನ್ನು ಕಟ್ಟಿ ಬಿಟ್ಟುಬಿಡಲಿಲ್ಲ. ಅದರ ಪಾಲನೆಗೂ ದಾರಿ ಮಾಡಿದರು. ಕೆರೆಗಳಿಗಾಗಿ ಬಿಟ್ಟ ಬಿತ್ತುವಟ್ಟ, ಕಟ್ಟುಕೊಡಗಿ ಮೊದಲಾದ ಭೂಮಿಗಳ ಪ್ರಸ್ತಾಪವು ಶಾಸನಗಳಲ್ಲಿ ಹೇರಳವಾಗಿ ಬರುತ್ತದೆ. ಹೂಳನ್ನು ಹೊರುವುದಕ್ಕೆ ಬಂಡಿಗಳನ್ನು ಇರಿಸಲು ದತ್ತಿ ಬಿಟ್ಟುದೂ ಉಂಟು. ಕಡಪ ಜಿಲ್ಲೆಯ ಪೊರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯ 1369ನೆಯ ಇಸವಿಯ ಶಾಸನವು ವಿಶೇಷವಾಗಿ ಗಮನಾರ್ಹವಾದುದು. ಸಾವಿರ ಮಂದಿ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದು ಆ ಕೆರೆಯನ್ನು ಮುಗಿಸಿದರೆಂದು ಅದು ಹೇಳುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಿಂದ ನೀರು ಸೋರುವುದು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು, ನೀರು ಸ್ವಲ್ಪವಾಗಿ ಸಾಗುವಳಿಯ ಭೂಮಿಯು ಬಹಳವಾಗಿರುವುದು, ಇವು ಆ ದೋಷಗಳಲ್ಲಿ ಸೇರಿವೆ. ಆರೂವರೆ ಶತಮಾನಗಳು ಕಳೆದಮೇಲೆ ಇಂದು ನಮ್ಮ ಕೆರೆಗಳನ್ನು ಪೀಡಿಸುತ್ತಿರುವುವೂ ಇವೇ ಅಲ್ಲವೇ? ರಾಜ್ಯಗಳ ಗಡಿಗೆ ಬದಲಾಗಿ ಎರಡು ಊರುಗಳ ಪೈಪೋಟಿ ಬಂದಿದೆ, ಅಷ್ಟೇ.

ನೀರನ್ನು ಹಂಚುವುದಕ್ಕೆ ನೀರುಗಂಟಿಯಿದ್ದನು. ಸುಗ್ಗಿಯಲ್ಲಿ ಅಚ್ಚುಕಟ್ಟಿನ ಪ್ರತಿಯೊಬ್ಬ ರೈತನೂ ಅವನಿಗೆ ಇಷ್ಟು ಧಾನ್ಯವೆಂದು ಅಳೆದು ಕೊಡುತ್ತಿದ್ದನು. ಮೈಸೂರು ಸಂಸ್ಥಾನದಲ್ಲಿ 1911ರಲ್ಲಿಯೇ ಕೆರೆ ಪಂಚಾಯತಿಗಳ ರೆಗ್ಯುಲೇಷನ್ನು ಜಾರಿಗೆ ಬಂದಿತ್ತು. ಅನಂತರದ ಕಾಲದಲ್ಲಿ ಕೆರೆಗಳ ಹೊಣೆಯು ಒಂದು ಇಲಾಖೆಯಿಂದ ಮತ್ತೊಂದಕ್ಕೆ ಸಾಗುತ್ತ ಬಂದಿತು. 1961ರ ಶಾಸನದಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದುವು. ಆ ಪದ್ಧತಿಯಲ್ಲಿದ್ದ ಅನ್ಯಾಯಗಳು ತೊಲಗಿದುದು ಒಳ್ಳೆಯದೇ. ಆದರೆ ಬೆಳಗಿನ ಜಾವ ಎದ್ದು ತೂಬನ್ನು ನೋಡಿಬರುವ ಮನುಷ್ಯನ ಸ್ಥಾನವನ್ನು ಅನೇಕ ಊರುಗಳಲ್ಲಿ ಯಾರೂ ತುಂಬಲಿಲ್ಲ. ಅಷ್ಟರಲ್ಲಿ ಕೊಳವೆ ಬಾವಿಗಳು ಬಂದುವು. ಸ್ವಂತ ಜಮೀನಿನಲ್ಲಿ ಗುಂಡಿ ಒತ್ತಿದರೆ ನೀರು ಬರುವಾಗ, ನಾಲ್ಕಾರು ಜನರೊಡನೆ ಸೇರಿ ಕೆರೆಯ ಹೂಳು ತೆಗೆಯುವ ತೊಂದರೆಯೇಕೆ ಎಂಬ ಭಾವನೆ ಬಲವಾಯಿತು.

೨. ನಾನು ಕಂಡ ಒಂದು ಗ್ರಾಮ

ಈ ಲೇಖಕನು ಉದ್ಯೋಗಕ್ಕೆ ಸೇರಿದ ಹೊಸದರಲ್ಲಿ ಕೋಲಾರ ಜಿಲ್ಲೆಯ ಒಂದು ಗ್ರಾಮವು ಇವನ ಸುತ್ತಿಗೆ ಸೇರಿತ್ತು. ಹೆಸರು ಬೇಡ. ಆ ಊರಿನ ಹಿರಿಯ ಜಮೀನುದಾರರೊಬ್ಬರು ಮೂರನೆಯ ಕೊಳವೆ ಬಾವಿಯನ್ನು ಕೊರೆಯಿಸಬೇಕೆಂದು ನನ್ನ ಅಭಿಪ್ರಾಯವನ್ನು ಕೇಳಿದರು. ಸ್ಥಳವು ಕೆರೆಯ ಅಂಗಳದ ಅಂಚಿನಲ್ಲಿದ್ದುದರಿಂದ ನೀರು ಸಿಕ್ಕುವ ಸಂಭವವುಂಟೆಂದು ನಾನು ಹೇಳಿದೆನು. ಪಕ್ಕದಲ್ಲಿ ನಿಂತಿದ್ದ ಮುದುಕನೊಬ್ಬನು, "ಸ್ವಾಮೀ, ಕೆರೆ ತುಂಬದೆ ಈ ಬಾವೀಗೆ ನೀರು ಎಲ್ಲಿಂದ ಬಂದಾತು?" ಎಂದನು. ಅವನು ಹಿಂದೆ ನೀರುಗಂಟಿಯಾಗಿದ್ದವನು. "ತಾತ, ಇದು ಆಳದ ನೀರು, ಕೆರೆಯ ನೀರಲ್ಲ" ಎಂದು ನಾನು ಸಮಾಧಾನ ಹೇಳಿದೆನು.

ಬಾವಿಯಲ್ಲಿ ನೀರು ಬಂದಿತು. ಆರು ವರ್ಷ ಟೊಮೇಟೊ ಬೆಳೆಯೂ ಬಂದಿತು. ಅದನ್ನು ನೋಡಿ ನೆರೆಯವರೂ ಕೊರೆಯಿಸಿದರು. ಬಳಿಕ ಒಂದೊಂದಾಗಿ ಬತ್ತುತ್ತ, ಸಾವಿರ ಅಡಿ ಇಳಿದರೂ ಧೂಳೇ ಹಾರುವ ಸ್ಥಿತಿಯುಂಟಾಯಿತು. ಕೆಲವು ವರ್ಷಗಳ ಮೇಲೆ ನಾನು ಮತ್ತೆ ಹೋದಾಗ, ಮೂರರಲ್ಲೊಂದು ಮನೆಯ ಬಾಗಿಲಿಗೆ ಬೀಗವಿದ್ದಿತು. ಆ ಜಮೀನುದಾರರ ಇಬ್ಬರು ಗಂಡುಮಕ್ಕಳೂ ಬೆಂಗಳೂರಿನಲ್ಲಿ ಕಾರ್ಖಾನೆಗಳ ಬಾಗಿಲು ಕಾಯುತ್ತಿದ್ದರು. ತಂದೆಯವರು ನನ್ನನ್ನು ದೂಷಿಸಲಿಲ್ಲ. ಕಾಫಿ ತರಿಸಿ, "ಈ ವರ್ಷ ಮಳೆಗೆ ಕೊರತೆಯಿಲ್ಲ ಸ್ವಾಮಿ, ಆದರೂ ಕೆರೆಗೆ ನೀರು ಬಂದಿಲ್ಲ; ಏಕೆ ನೋಡಿ ಹೇಳುತ್ತೀರಾ?" ಎಂದಷ್ಟೇ ಕೇಳಿದರು.

ಮುದುಕ ನೀರುಗಂಟಿಯನ್ನು ಕರೆದುಕೊಂಡು ಮೂವರೂ ರಾಜಕಾಲುವೆಯ ಗುಂಟ ಮೇಲಕ್ಕೆ ನಡೆದೆವು. ಕಾಲುವೆಯು ಮೂರು ಕಡೆ ಒತ್ತುವರಿಯಾಗಿತ್ತು. ಒಂದು ಕಡೆ ದಾರಿ ಮಾಡುವಾಗ ಮೋರಿಯಿಡದೆ ಮಣ್ಣು ತುಂಬಿದ್ದರು. ಅದಕ್ಕೂ ಮೇಲೆ ನೀಲಗಿರಿಯ ತೋಪು ಕಾಲುವೆಯ ಪಾತ್ರದವರೆಗೆ ಬಂದಿತ್ತು. ಒತ್ತುವರಿಯಾದ ಮೂರರಲ್ಲಿ ಒಂದು ಜಾಗವು ನಮ್ಮೊಡನೆ ನಡೆಯುತ್ತಿದ್ದ ಜಮೀನುದಾರರದೇ. ಅವರು ಅಲ್ಲಿ ಬಹಳ ಹೊತ್ತು ನಿಂತರು. ಮುದುಕನು ಏನೂ ಆಡದೆ ಬೇರೆ ಕಡೆ ನೋಡುತ್ತಿದ್ದನು. ಮರುದಿನ ಅವರು ತಮ್ಮ ಬದುವನ್ನು ತಾವೇ ಒಡೆಯಿಸಿ ಆರು ಗುಂಟೆ ಭೂಮಿಯನ್ನು ಕಾಲುವೆಗೆ ಬಿಟ್ಟುಕೊಟ್ಟರು. ಹಿರಿಯರೇ ಬಿಟ್ಟಮೇಲೆ ಉಳಿದಿಬ್ಬರಿಗೆ ಆಡಲು ಮಾತಿರಲಿಲ್ಲ. ಮುಂದೆ ಆ ಊರಿನಲ್ಲಿ ಆದ ಕೆಲಸವೆಲ್ಲವೂ ಈ ಆರು ಗುಂಟೆಯಿಂದ ಆರಂಭವಾಯಿತು.

ಈ ಸಂಗತಿಯಲ್ಲಿ ನನ್ನ ಪಾಲಿನ ತಪ್ಪನ್ನು ನಾನು ಮರೆತಿಲ್ಲ. ಕೆರೆಯ ನೀರೂ ಬಾವಿಯ ನೀರೂ ಒಂದೇ ಚೀಲದ ಹಣವೆಂಬುದನ್ನು ಆ ಮುದುಕನು ತಿಳಿದಿದ್ದನು. ಪರೀಕ್ಷೆ ತೇರ್ಗಡೆಯಾಗಿ ಬಂದಿದ್ದ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

೩. ಹೂಳಿನ ಲೆಕ್ಕ

ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 3,630 ಘನ ಅಡಿ, ಎಂದರೆ ಒಂದು ಲಕ್ಷ ಲೀಟರಿಗೆ ಮೀರಿದ ನೀರಾಗುತ್ತದೆ. ಒಂದು ಚದರ ಮೈಲಿಯ ಮೇಲಿಂದ ಒಂದಂಗುಲದಷ್ಟು ನೀರು ಹರಿದು ಕೆರೆಗೆ ಬಂದರೂ 53 ಎಕರೆಗಳ ಮೇಲೆ ಒಂದಡಿ ನಿಲ್ಲುವಷ್ಟು ನೀರು ಒದಗುವುದು.

ಈಗ ನೂರು ಎಕರೆ ಅಂಗಳವುಳ್ಳ ಕೆರೆಯಲ್ಲಿ ಸರಾಸರಿ ಮೂರಡಿ ಹೂಳು ತುಂಬಿದೆಯೆಂದು ಭಾವಿಸೋಣ. ಅಷ್ಟರಿಂದ 300 ಎಕರೆ-ಅಡಿ ನೀರಿನ ಸ್ಥಳವು ನಷ್ಟವಾಯಿತು. ಆವಿಯಾಗಿ ಹೋಗುವುದನ್ನೂ ಇಂಗಿ ಹೋಗುವುದನ್ನೂ ಬಿಟ್ಟು ಹೇಳುವುದಾದರೆ, ಎಕರೆಗೆ ನಾಲ್ಕಡಿ ನೀರು ಬೇಡುವ ಭತ್ತದಲ್ಲಿ ಇದು 75 ಎಕರೆಯ ಬೆಳೆ. ಒಂದೂವರೆ ಅಡಿಯಲ್ಲಿ ಮುಗಿಯುವ ಅರೆ ನೀರಾವರಿಯ ಬೆಳೆಗಳಲ್ಲಿ 200 ಎಕರೆಯ ಬೆಳೆ. ಊರು ಕಳೆದುಕೊಂಡಿರುವುದು ಎಷ್ಟೆಂಬುದನ್ನು ಯಜಮಾನರು ತಮ್ಮ ತಮ್ಮ ಕೆರೆಗೆ ಹೀಗೆಯೇ ಲೆಕ್ಕ ಹಾಕಿ ಸಭೆಯಲ್ಲಿ ಓದಿ ಹೇಳಬೇಕು. ಬರಿಯ ಉಪದೇಶಕ್ಕಿಂತ ಇಂತಹ ಲೆಕ್ಕವು ಜನರ ಮನಸ್ಸನ್ನು ಬೇಗನೆ ಮುಟ್ಟುತ್ತದೆ.

೪. ಕೆಲಸದ ಕ್ರಮ

ಬಹುಕಡೆ ಯಂತ್ರವನ್ನು ತರಿಸಿ ಮೊದಲು ಹೂಳನ್ನು ತೆಗೆಯಿಸುತ್ತಾರೆ. ಇದು ತಲೆಕೆಳಗಾದ ಕ್ರಮ. ನೀರೇ ಬಾರದ ಕೆರೆಯನ್ನು ಆಳ ಮಾಡಿ ಪ್ರಯೋಜನವಿಲ್ಲ. ಕೆಲಸಗಳನ್ನು ಈ ಅನುಕ್ರಮದಲ್ಲಿ ನಡೆಸತಕ್ಕದ್ದು.

ಮೊದಲನೆಯದು, ನೀರು ಹರಿದುಬರುವ ಪ್ರದೇಶ. ಇಳಿಜಾರಿನ ಖುಷ್ಕಿ ಹೊಲಗಳನ್ನು ಇಳಿಜಾರಿಗೆ ಅಡ್ಡಲಾಗಿ ಉತ್ತು ಬದುಗಳನ್ನು ಭದ್ರಪಡಿಸಬೇಕು. ಗೋಮಾಳದಲ್ಲಿ ಹುಲ್ಲು ಚಿಗುರುವಂತೆ ಸರದಿಯ ಮೇಲೆ ಮೇಯಿಸಬೇಕು. ಇದನ್ನು ಮಾಡದೆ ಹೂಳೆತ್ತಿದರೆ ಕೆಲವೇ ಮಳೆಗಾಲಗಳಲ್ಲಿ ಕೆರೆಯು ಮತ್ತೆ ತುಂಬಿಹೋಗುವುದು. ಆದರೆ ಮೇಲ್ಭಾಗದಲ್ಲಿ ತಡೆಗಟ್ಟೆಗಳನ್ನು ಮಿತಿಮೀರಿ ಕಟ್ಟಿದರೆ ಕೆರೆಗೆ ನೀರೇ ತಲಪುವುದಿಲ್ಲವೆಂಬುದನ್ನೂ ಮರೆಯಕೂಡದು. ಮಣ್ಣು ಮೇಲೆ ನಿಲ್ಲಬೇಕು, ನೀರು ಕೆಳಕ್ಕೆ ಬರಬೇಕು.

ಎರಡನೆಯದು, ರಾಜಕಾಲುವೆ. ಸರ್ವೆ ನಕ್ಷೆಯನ್ನು ಕೈಯಲ್ಲಿ ಹಿಡಿದು ಮೊದಲಿನಿಂದ ಕೊನೆಯವರೆಗೆ ನಡೆದು, ಒತ್ತುವರಿಗಳನ್ನು ಗುರುತು ಮಾಡಿ, ಮುಚ್ಚಿದ ಮೋರಿಗಳನ್ನು ತೆರೆಯಿಸಬೇಕು. ನೀಲಗಿರಿಯನ್ನು ಹೊಸದಾಗಿ ನೆಡಕೂಡದೆಂದು ರಾಜ್ಯ ಸರ್ಕಾರದವರು 2017ರಲ್ಲಿ ಆಜ್ಞೆ ಮಾಡಿದರು. ಹಳೆಯ ತೋಪುಗಳಿರುವ ಕಡೆ ಜಮೀನುದಾರರು ಅವನ್ನು ಕಿತ್ತು ಹೊಂಗೆ, ಹುಣಿಸೆ, ನೇರಳೆ ಮುಂತಾದುವುಗಳನ್ನು ಬೆಳೆಸುವುದು ಮೇಲು.

ಮೂರನೆಯದು, ಏರಿ, ತೂಬು ಮತ್ತು ಕೋಡಿ. ಏರಿಯ ಮೇಲೆ ಬೆಳೆದ ಮರಗಳ ಬೇರು ಸತ್ತು ಕೊಳೆತಾಗ ಅದೇ ನೀರು ಸೋರುವ ದಾರಿಯಾಗುತ್ತದೆ. ಆದುದರಿಂದ ಗಿಡಗಳನ್ನು ಎಳೆಯದರಲ್ಲಿಯೇ ಕೀಳಬೇಕು. ಇಲಿ ಹೆಗ್ಗಣಗಳ ಬಿಲಗಳನ್ನು ಅಗೆದು ಒಳ್ಳೆಯ ಜೇಡಿಯನ್ನು ತುಂಬಿ ದಮ್ಮಸು ಮಾಡಬೇಕು. ಹೆಚ್ಚು ನೀರು ನಿಲ್ಲಲೆಂದು ಕೋಡಿಯ ಮೇಲೆ ಕಲ್ಲು ಪೇರಿಸುವ ಕೆಟ್ಟ ಅಭ್ಯಾಸವು ಕೆಲವು ಕಡೆ ಇದೆ. ದೊಡ್ಡ ಮಳೆಯಲ್ಲಿ ಏರಿ ಒಡೆಯುವುದಕ್ಕೆ ಇದು ನೇರವಾದ ಕಾರಣ. ಎಂದಿಗೂ ಮಾಡಕೂಡದು.

ನಾಲ್ಕನೆಯದು, ಹೂಳು. ಮಾಘದಿಂದ ಚೈತ್ರದವರೆಗೆ, ಭರಣಿ ಮಳೆಗೆ ಮುಂಚೆ, ಇದಕ್ಕೆ ತಕ್ಕ ಕಾಲ. ಏರಿಯ ಬುಡದಿಂದ ಸಾಕಷ್ಟು ದೂರ ಬಿಟ್ಟು ತೆಗೆಯಬೇಕು. ಹೂಳಿನ ಕೆಳಗಿರುವ ಹಳೆಯ ಗಟ್ಟಿನೆಲವನ್ನು ಕೆದಕಕೂಡದು. ಇಟ್ಟಿಗೆಯವರಿಗೆ ಬೇಕಾದ ಕಡೆ ಬಾವಿಯಂತೆ ಗುಂಡಿ ತೋಡಲು ಬಿಡುವುದು ಹೂಳೆತ್ತುವಿಕೆಯಲ್ಲ, ಕೆರೆಯ ಕೊಲೆ. ಅಂತಹ ಗುಂಡಿಗಳಲ್ಲಿ ದನಗಳೂ ಮಕ್ಕಳೂ ಮುಳುಗಿರುವ ಸಂಗತಿಗಳು ಎಲ್ಲರಿಗೂ ತಿಳಿದಿವೆ.

೫. ಗೋಡುಮಣ್ಣಿನ ಉಪಯೋಗ

ತೆಗೆದ ಗೋಡನ್ನು ಸುರಿಯುವುದೆಲ್ಲಿ ಎಂಬುದು ಅನೇಕರ ಚಿಂತೆ. ಅದನ್ನು ಬೇಡವೆಂದು ಎಸೆಯುವುದು ದುಡ್ಡನ್ನು ಎಸೆದಂತೆಯೇ ಸರಿ. ಮೇಲಿನ ಹೊಲಗಳಿಂದ ಕೊಚ್ಚಿಬಂದ ನಯವಾದ ಮಣ್ಣೂ ಸಾವಯವ ಪದಾರ್ಥವೂ ಅದರಲ್ಲಿವೆ. ಮರಳು ಮಿಶ್ರವಾದ ಕೆಂಪು ಭೂಮಿಗೆ ಹಾಕಿದರೆ ತೇವವನ್ನು ಹಿಡಿದಿಡುವ ಶಕ್ತಿಯು ಹೆಚ್ಚಿ, ಮಳೆಯ ನಡುವೆ ಬಿಡುವು ಬಂದಾಗ ರಾಗಿಯ ಪೈರು ಕೆಲವು ದಿನ ಹೆಚ್ಚಾಗಿ ತಾಳಿಕೊಳ್ಳುತ್ತದೆ.

ಒಂದು ಎಕರೆಗೆ ಅರ್ಧ ಅಂಗುಲ ದಪ್ಪ ಹರಡಲು ಸುಮಾರು 1,800 ಘನ ಅಡಿ ಗೋಡು ಬೇಕು. ನೂರು ಘನ ಅಡಿ ಹಿಡಿಯುವ ಟ್ರಾಕ್ಟರ್ ಗಾಡಿಯಲ್ಲಿ ಇದು 18 ಗಾಡಿಗಳು. ಬೇಸಗೆಯಲ್ಲಿ ಹರಡಿ, ಬಿಸಿಲಿಗೆ ಒಣಗಿಸಿ, ಹೆಂಟೆಗಳನ್ನು ಒಡೆದು, ಮೊದಲ ಮಳೆಯಲ್ಲಿ ಉತ್ತು ಬೆರಸಬೇಕು. ಕೊಟ್ಟಿಗೆ ಗೊಬ್ಬರವನ್ನು ನಿಲ್ಲಿಸಬಾರದು. ಗೋಡು ಗೊಬ್ಬರಕ್ಕೆ ನೆರವೇ ಹೊರತು ಬದಲಲ್ಲ. ಎರೆಭೂಮಿಗೂ ನೀರು ಬಸಿಯದ ತಗ್ಗಿಗೂ ಇದನ್ನು ಹಾಕಕೂಡದು. ಚೌಳಿನ ಅಂಶವುಂಟೇ ಎಂದು ಮಣ್ಣು ಪರೀಕ್ಷೆಯಿಂದ ತಿಳಿದುಕೊಳ್ಳಬೇಕು. ಪಟ್ಟಣದ ಚರಂಡಿಯ ನೀರಾಗಲಿ ಕಾರ್ಖಾನೆಯ ಕಶ್ಮಲವಾಗಲಿ ಸೇರುವ ಕೆರೆಯ ಗೋಡನ್ನು ಪರೀಕ್ಷೆಯಿಲ್ಲದೆ ಹೊಲಕ್ಕೆ ತರಲೇಬಾರದು. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯು ಈ ಕೆಲಸಕ್ಕೆ ಅಕ್ಷರಶಃ ಸಲ್ಲುತ್ತದೆ. ಕೆಸರು ಮಾತ್ರ ಶುದ್ಧವಾಗಿರಬೇಕು.

೬. ಬೇರೆ ಸೀಮೆಗಳ ಎರಡು ನಿದರ್ಶನಗಳು

ಮಹಾರಾಷ್ಟ್ರದಲ್ಲಿ, ಹಿಂದೆ ಅಹಮದ್‌ನಗರವೆಂದು ಹೆಸರಾಗಿದ್ದ ಸೀಮೆಯಲ್ಲಿ, ಹಿವರೆ ಬಾಜಾರ್ ಎಂಬ ಗ್ರಾಮವುಂಟು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 16 ಅಂಗುಲ. ಕೋಲಾರದ ಮಳೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. 1972ರ ಬರದಿಂದೀಚೆಗೆ ಗುಡ್ಡಗಳು ಬೋಳಾಗಿ, ಬಾವಿಗಳು ಬತ್ತಿ, ಕುಟುಂಬಗಳು ಕೂಲಿಯನ್ನು ಅರಸಿ ಪಟ್ಟಣಗಳಿಗೆ ಹೋದುವು. 1989ರಲ್ಲಿ ಪೋಪಟರಾವ್ ಪವಾರ್ ಎಂಬ ವಿದ್ಯಾವಂತ ಯುವಕರನ್ನು ಗ್ರಾಮದ ಸರಪಂಚರನ್ನಾಗಿ ಆರಿಸಿದರು. ಗ್ರಾಮಸಭೆಯು ಮರ ಕಡಿಯುವುದನ್ನೂ, ದನಗಳನ್ನು ಇಚ್ಛೆಬಂದಂತೆ ಮೇಯಬಿಡುವುದನ್ನೂ, ಮದ್ಯವನ್ನೂ ನಿಷೇಧಿಸಿ, ಶ್ರಮದಾನವನ್ನು ವಿಧಿಸಿತು. 1990ರ ದಶಕದಲ್ಲಿ ಆ ರಾಜ್ಯದ ಆದರ್ಶ ಗ್ರಾಮ ಯೋಜನೆಯ ಹಣದಿಂದ ಗುಡ್ಡದ ಸುತ್ತ ಅಡ್ಡಗಾಲುವೆಗಳನ್ನು ತೋಡಿದರು. ಸಾಗುವಳಿಗೆ ಕೊಳವೆ ಬಾವಿಯನ್ನು ಬಳಸಕೂಡದು, ಕಬ್ಬು ಬಾಳೆಗಳನ್ನು ಬೆಳೆಯಕೂಡದು ಎಂಬ ಕಟ್ಟುಪಾಡು ಮಾಡಿಕೊಂಡರು. ಮಳೆಯನ್ನೂ ಬಾವಿಗಳ ಮಟ್ಟವನ್ನೂ ಅಳೆದು, ಮನೆಯ ಜಮಾಖರ್ಚಿನಂತೆ ನೀರಿನ ಜಮಾಖರ್ಚು ಬರೆದು, ಕುಡಿಯುವುದಕ್ಕೂ ದನಗಳಿಗೂ ತೆಗೆದಿಟ್ಟು ಉಳಿದುದಕ್ಕೆ ತಕ್ಕಂತೆ ಬೆಳೆಯನ್ನು ಗೊತ್ತುಮಾಡುವರು. ಊರು ಬಿಟ್ಟಿದ್ದ ಕುಟುಂಬಗಳಲ್ಲಿ ಅನೇಕವು ಹಿಂದಿರುಗಿದುವು. ಪವಾರ್ ಅವರಿಗೆ 2020ರಲ್ಲಿ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು.

ಎರಡನೆಯದು ಹರಿಯಾಣದ ಶಿವಾಲಿಕ್ ಬೆಟ್ಟದ ತಪ್ಪಲಿನ ಸುಖೋಮಾಜ್ರಿ. 1958ರಲ್ಲಿ ಚಂಡೀಗಢದಲ್ಲಿ ನಿರ್ಮಿಸಿದ ಸುಖ್ನಾ ಸರೋವರವು ಬೇಗಬೇಗನೆ ಹೂಳಿನಿಂದ ತುಂಬುತ್ತಿದ್ದಿತು. ಕಾರಣವನ್ನು ಹುಡುಕಿಕೊಂಡು ಹೊರಟ ಮಣ್ಣು ಸಂರಕ್ಷಣೆಯ ವಿಜ್ಞಾನಿ ಪಿ. ಆರ್. ಮಿಶ್ರಾ ಅವರು ಮೇಲಿನ ಗುಡ್ಡಗಳಲ್ಲಿ ಬಡ ಹಳ್ಳಿಗರ ಆಡುಕುರಿಗಳು ಹುಲ್ಲನ್ನೆಲ್ಲ ಸವರಿದುದನ್ನು ಕಂಡರು. 1976ರಿಂದ ಅಲ್ಲಿ ಮಣ್ಣಿನ ಕಟ್ಟೆಗಳನ್ನು ಹಾಕಿಸಿದರು. ಆದರೆ ನೀರು ಕೆಲವರ ಹೊಲಗಳಿಗೆ ಮಾತ್ರ ಹರಿದುದರಿಂದ ಉಳಿದವರು ಗುಡ್ಡವನ್ನು ಕಾಯಲು ಒಪ್ಪಲಿಲ್ಲ. ಆಗ ಭೂಮಿಯಿದ್ದವರಿಗೂ ಇಲ್ಲದವರಿಗೂ ಮನೆಗೊಂದರಂತೆ ನೀರಿನ ಸಮಪಾಲು ಎಂದು ಗೊತ್ತುಮಾಡಿದರು. ಭೂಮಿಯಿಲ್ಲದವನು ತನ್ನ ಪಾಲನ್ನು ಮಾರಿಕೊಳ್ಳಬಹುದಾಗಿತ್ತು. ಅಂದಿನಿಂದ ಬೇಲಿಯಿಲ್ಲದೆಯೇ ಗುಡ್ಡವು ಕಾಪಾಡಲ್ಪಟ್ಟು, ಹುಲ್ಲು ಬೆಳೆದು, ಕೆಳಗಿನ ಪಟ್ಟಣದ ಸರೋವರಕ್ಕೆ ಬರುವ ಹೂಳೂ ಇಳಿಯಿತು.

ಈ ಎರಡನೆಯ ನಿದರ್ಶನವನ್ನು ಜಮೀನುದಾರರು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಕೆರೆಯಿಂದ ಅಚ್ಚುಕಟ್ಟಿನವರಿಗೆ ಮಾತ್ರ ಲಾಭವಾದರೆ, ಕುರಿ ಕಾಯುವವನಿಗೂ ಕೂಲಿಯವನಿಗೂ ಅದರ ಮೇಲೆ ಮಮತೆ ಹುಟ್ಟುವುದು ಹೇಗೆ? ಮೀನಿನ ಹರಾಜಿನಲ್ಲಿಯೂ, ಹುಲ್ಲಿನಲ್ಲಿಯೂ, ಏರಿಯ ಕೆಲಸದ ಕೂಲಿಯಲ್ಲಿಯೂ ಭೂಮಿಯಿಲ್ಲದವರಿಗೆ ನಿಶ್ಚಿತವಾದ ಭಾಗವಿರಬೇಕು. ಅವರ ಹೆಂಗಸರೂ ಸಮಿತಿಯಲ್ಲಿ ಕುಳಿತು ಮಾತನಾಡುವಂತಿರಬೇಕು. ಕುಡಿಯುವ ನೀರಿಗೆ ಎಷ್ಟು ದೂರ ನಡೆಯಬೇಕೆಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ.

೭. ಪಟ್ಟಣಗಳ ಸಂಬಂಧ

ಪಟ್ಟಣಗಳಲ್ಲಿಯೂ ಇದೇ ಕಥೆ. ಬೆಂಗಳೂರಿನ ಕೆಂಪೇಗೌಡ ಬಸ್ಸು ನಿಲ್ದಾಣವಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಊರಿನ ಕೆರೆ ಬತ್ತಿದುದರಿಂದ ಹೊರಟ ಯುವಕನು ಬಂದಿಳಿಯುವುದೂ ಒಂದು ಕೆರೆಯ ಸಮಾಧಿಯ ಮೇಲೆಯೇ. 2018ರಿಂದ ಅದೇ ನಗರದ ಕೊಳಚೆ ನೀರನ್ನು ಶುದ್ಧಿಮಾಡಿ ಕೊಳವೆಗಳ ಮೂಲಕ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಏರ್ಪಾಡಾಯಿತು. ಅದರಿಂದ ಅನೇಕ ಕೆರೆಗಳು ತುಂಬಿದುವು; ಬತ್ತಿದ ಬಾವಿಗಳಿಗೆ ಮರಳಿ ನೀರು ಬಂದ ಕಡೆಗಳೂ ಉಂಟು. ನೀರು ಎಷ್ಟರ ಮಟ್ಟಿಗೆ ಶುದ್ಧವಾಗಿದೆಯೆಂಬ ಚರ್ಚೆಯೂ ನಡೆಯಿತು. ಏನೇ ಆದರೂ, ಹೊರಗಿನಿಂದ ಬರುವ ನೀರನ್ನು ನೆಚ್ಚಿ ತಮ್ಮ ರಾಜಕಾಲುವೆಯನ್ನು ಮುಚ್ಚಿಕೊಂಡಿರುವುದು ವಿವೇಕವಲ್ಲ.

೮. ಯಜಮಾನರಲ್ಲಿ ಬಿನ್ನಹ

ಸರ್ಕಾರದ ಹಣವು ಏರಿಗೆ ಕಲ್ಲು ಕಟ್ಟಿಸಬಲ್ಲದು. ತೂಬಿಗೆ ಹೊಸ ಬಾಗಿಲನ್ನು ಇಡಿಸಬಲ್ಲದು. ಒತ್ತುವರಿಯನ್ನು ಬಿಡುವ ಮನಸ್ಸನ್ನು ಅದು ತರಲಾರದು. ಆದುದರಿಂದ ಈ ವರ್ಷ ಬೇಸಗೆಗೆ ಮುಂಚೆ ಪ್ರತಿಯೊಂದು ಗ್ರಾಮದಲ್ಲಿಯೂ ಇಷ್ಟನ್ನಾದರೂ ಮಾಡಬೇಕೆಂದು ಬೇಡುತ್ತೇನೆ:

(ಅ) ಯಜಮಾನರು, ಹಳೆಯ ನೀರುಗಂಟಿಯಿದ್ದರೆ ಅವನನ್ನು ಮುಂದಿಟ್ಟುಕೊಂಡು, ರಾಜಕಾಲುವೆಯನ್ನು ಒಮ್ಮೆ ಪೂರ್ತಿಯಾಗಿ ನಡೆದು ನೋಡುವುದು.

(ಆ) ಒತ್ತುವರಿಯಿದ್ದರೆ, ಊರಿನ ಹಿರಿಯರು ತಮ್ಮದನ್ನು ಮೊದಲು ಬಿಡುವುದು.

(ಇ) ಹೂಳಿನ ಲೆಕ್ಕವನ್ನು ಮಾಡಿ ಗ್ರಾಮಸಭೆಯಲ್ಲಿ ಓದುವುದು.

(ಈ) ನೀರುಗಂಟಿಯೊಬ್ಬನನ್ನು ನೇಮಿಸಿ, ಅಚ್ಚುಕಟ್ಟಿನವರು ಸುಗ್ಗಿಯಲ್ಲಿ ಅವನ ಸಂಬಳವನ್ನು ತಪ್ಪದೆ ಸಲ್ಲಿಸುವುದು.

(ಉ) ಹಸ್ತ ಚಿತ್ತೆ ಮಳೆಗಳು ಕಳೆದಮೇಲೆ ಕೆರೆಯ ಮಟ್ಟವನ್ನು ನೋಡಿ, ಆ ನೀರಿಗೆ ತಕ್ಕ ಬೆಳೆಯನ್ನು ಎಲ್ಲರೂ ಕೂಡಿ ಗೊತ್ತುಮಾಡುವುದು. ಅರೆತುಂಬಿದ ಕೆರೆಯ ಕೆಳಗೆ ಭತ್ತಕ್ಕಿಂತ ರಾಗಿಯೂ ದ್ವಿದಳ ಧಾನ್ಯಗಳೂ ಲೇಸು.

ಹಿಂದೆ ಹೇಳಿದ ಗ್ರಾಮದ ಕೆರೆಯು ಕಾಲುವೆ ತೆರೆದ ಎರಡನೆಯ ವರ್ಷ ಅರ್ಧ ತುಂಬಿತು. ಕೋಡಿ ಬಿದ್ದುದು ಇನ್ನೂ ತಡವಾಗಿ. ಮುದುಕ ನೀರುಗಂಟಿಯು ಅದನ್ನು ನೋಡಲು ಉಳಿಯಲಿಲ್ಲ. ಜಮೀನುದಾರರ ಎರಡನೆಯ ಮಗನು ಊರಿಗೆ ಹಿಂದಿರುಗಿ ಎರಡು ಸೀಮೆಹಸುಗಳನ್ನು ಕಟ್ಟಿಕೊಂಡು, ಮೂರು ಎಕರೆ ರಾಗಿಯನ್ನೂ ಅವರೆಯನ್ನೂ ಬೆಳೆಯುತ್ತಿದ್ದಾನೆ. ಹಿರಿಯ ಮಗನು ಪಟ್ಟಣದಲ್ಲಿಯೇ ನಿಂತನು. ಹೋದವರೆಲ್ಲರೂ ಬರುವರೆಂದು ನಾವು ಎಣಿಸಬೇಕಾಗಿಲ್ಲ. ಬರಬೇಕೆಂದು ಮನಸ್ಸು ಮಾಡಿದವನಿಗೆ ಊರಿನಲ್ಲಿ ನೀರಿರುವಂತೆ ನೋಡಿಕೊಂಡರೆ ನಮ್ಮ ಕರ್ತವ್ಯವು ನೆರವೇರಿದಂತಾಯಿತು. ಆ ಕರ್ತವ್ಯದಲ್ಲಿ ಗ್ರಾಮಗಳ ಹಿರಿಯರು ಹಿಂದೆಗೆಯಲಾರರೆಂದು ನಂಬಿರುತ್ತೇನೆ.